ಕಾಗದದ ಬಾಯಿಸಾಹೇಬರು

ನನ್ನ ಸವತಿಗೆ ಇನ್ನೂರು ವರ್ಷ ದಾಟಿದೆ. ಮುದ್ದೇಬಿಹಾಳದಲ್ಲಿ ಅವಳ ಮೊದಲ ಝೆರಾಕ್ಸ್ ತೆಗೆದವಳು ನಾನೇ.

ಸವತಿ ಅನ್ನಲು ಆಗ ನನಗೆ ಯಾವ ಹಕ್ಕೂ ಇರಲಿಲ್ಲ. ಹನೀಫರ ಹೆಸರನ್ನು ಡೈರಿಯಲ್ಲಿ ಪೂರ್ತಿ ಬರೆಯುವ ಧೈರ್ಯವೂ ಇರಲಿಲ್ಲ. ‘ಎದುರಿನವರು ಇವತ್ತು ನೀಲಿ ಅಂಗಿ’ ಎಂದಷ್ಟೇ ಬರೆದು, ಅದನ್ನೂ ಯಾರಾದರೂ ಓದಿಯಾರು ಅಂತ ಪುಟ ಮಡಿಸಿ ಇಡುತ್ತಿದ್ದೆ.

ಬಜಾರದಲ್ಲಿ ನಮ್ಮಣ್ಣ ಆಸಿಫನದು ಝೆರಾಕ್ಸ್ ಅಂಗಡಿ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅವನೇ ಕರೆತಂದು ಕೌಂಟರಿನ ಹಿಂದೆ ಕೂರಿಸಿದ. ನನ್ನ ಕುರ್ಚಿ ಗೋಡೆಯ ಮಗ್ಗುಲಿಗಿದೆ. ಕಂಪ್ಯೂಟರ್ ನೋಡುತ್ತ ಕೂತರೆ ರಸ್ತೆಗೆ ಕಾಣುವುದು ನನ್ನ ಎಡಗೆನ್ನೆ ಮಾತ್ರ. ನನ್ನಂಥವಳಿಗೆ ಅದು ಅನುಕೂಲ. ಕತ್ತು ಹೊರಳಿಸದೆ, ಬರೀ ಕಣ್ಣಿನ ತುದಿಯಿಂದ ಎದುರಿನ ಬಾಬುಲಾಲ ಶೇಠರ ಬಾಂಡೆ ಅಂಗಡಿ ನೋಡಬಹುದು.

ಆ ಅಂಗಡಿಯ ಬಾಗಿಲ ಬದಿಗೆ ಒಂದು ಮಣೆ ಹಾಕಿಕೊಂಡು ಹನೀಫ ಕೂರುತ್ತಾರೆ. ಶೇಠರ ಹತ್ತಿರ ಪಾತ್ರೆ ಕೊಂಡವರಿಗೆ ಅದರ ಮೇಲೆ ಹೆಸರು ಹಾಕಿ ಕೊಡುವುದು ಅವರ ಕೆಲಸ. ಉಳಿದ ಕಡೆಯಲ್ಲೆಲ್ಲ ಈಗ ಕರೆಂಟಿನ ಪೆನ್ನು ಬಂದಿದೆ, ಗುರ್ರ್ ಅಂತ ಎರಡು ನಿಮಿಷಕ್ಕೆ ಗೀಚಿ ಕೊಡುತ್ತಾರೆ. ಹನೀಫರದು ಮಾತ್ರ ಅವರ ಅಪ್ಪ, ಅಜ್ಜನ ಕಾಲದ ಸಣ್ಣ ಉಳಿ. ಕೊಡವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಉಸಿರು ಹಿಡಿದು, ಅಕ್ಷರ ಮುಗಿದ ಮೇಲೆ ಬಿಡುತ್ತಾರೆ. ಅವರು ಉಸಿರು ಬಿಟ್ಟಾಗ ರಸ್ತೆಯ ಈಚೆ ನಾನೂ ಬಿಡುತ್ತಿದ್ದೆ.

ಸಂಕ್ರಾಂತಿ ಕಳೆದು ವಾರವಾಗಿತ್ತು. ತೊಗರಿ ಚೀಲ ಹೇರಿದ ಟ್ರ್ಯಾಕ್ಟರುಗಳು ಮಾರ್ಕೆಟ್ ಯಾರ್ಡಿನ ಕಡೆ ಹೋಗುತ್ತಿದ್ದವು. ಧೂಳು ಕೂತ ಕೌಂಟರಿನ ಗಾಜು ಒರೆಸುತ್ತಿದ್ದೆ. ಗಾಜಿನ ಆಚೆ ನೀಲಿ ಅಂಗಿ ಬಂದು ನಿಂತಿತು.

“ಇದನ್ನ ದೊಡ್ಡದು ಮಾಡಿ ಕೊಡ್ತೀರೇನ್ರಿ?”

ಪೇಪರಿನಲ್ಲಿ ಸುತ್ತಿದ್ದನ್ನು ಅವರು ಬಿಚ್ಚಿದರು. ಅಂಗೈಗಿಂತ ತುಸು ದೊಡ್ಡ ಹಳೆಯ ಚಿತ್ರ. ಅಲ್ಲಲ್ಲಿ ಚಹಾ ಚೆಲ್ಲಿದಂಥ ಕಲೆ. ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಪಕ್ಕಕ್ಕೆ ತಿರುಗಿ ಕೂತ ಒಬ್ಬ ಹೆಂಗಸು. ಗುಂಗುರು ಕೂದಲನ್ನು ಮೇಲಕ್ಕೆತ್ತಿ ಪಟ್ಟಿ ಕಟ್ಟಿದ್ದಾಳೆ. ಉದ್ದನೆಯ ಕೊರಳು, ಅದರಲ್ಲಿ ಒಂದು ಎಳೆ ಸರವೂ ಇಲ್ಲ. ಅಷ್ಟು ಚಂದದ ಕೊರಳಿಗೆ ಸರ ಯಾಕೆ ಎಂಬ ಸೊಕ್ಕು.

“ಎಲ್ಲೀದ್ರಿ ಇದು?”

ನಾನು ಅವರಿಗೆ ಆಡಿದ ಮೊದಲ ಮಾತು ಇದು. ಅದೂ ಅವಳ ಬಗ್ಗೆ.

“ಹೂವಿನ ಹಿಪ್ಪರಗಿಯೊಳಗ ದೇಸಾಯರ ವಾಡೆ ಖಾಲಿ ಮಾಡಿದ್ರು. ಗುಜರಿಯಾಂವ ಗ್ಲಾಸು, ಚೌಕಟ್ಟು ಇಟ್ಕೊಂಡು ಚಿತ್ರ ಚೆಲ್ಲಾಕತ್ತಿದ್ದ. ನಾ ಇಸಕೊಂಡೆ. ಕೆಳಗ ಏನ ಬರದಾರ ಓದ್ರಿ. ನೀವು ಡಿಗ್ರಿ ಮಾಡೀರಲ್ಲ.”

ನಾನು ಡಿಗ್ರಿ ಮಾಡಿದ್ದು ಅವರಿಗೆ ಗೊತ್ತಿದೆ. ಆ ದಿನದ ಡೈರಿಯಲ್ಲಿ ಈ ವಾಕ್ಯಕ್ಕೆ ಎರಡು ಗೆರೆ ಎಳೆದಿದ್ದೇನೆ.

ಇಂಗ್ಲಿಷ್ ಅಕ್ಷರ, ಆದರೆ ಇಂಗ್ಲಿಷ್ ಅಲ್ಲ. ಮೊಬೈಲಿನಲ್ಲಿ ಹುಡುಕಿ ಹುಡುಕಿ ಹೇಳಿದೆ. ಮೊದಲ ಪದ ಕೊಂತೆಸ್ಸಾ, ಅಂದರೆ ಇಟಲಿಯ ಕಡೆ ದೊಡ್ಡ ಮನೆತನದ ಹೆಣ್ಣುಮಗಳು. ಮಿಲಾನ್ ಊರು, ಸಾವಿರದ ಎಂಟುನೂರ ಮೂರನೆಯ ಇಸವಿ. ಮೂಲೆಯಲ್ಲಿ ಕೆತ್ತಿದವನ ಹೆಸರು ಇತ್ತು, ಹುಳ ತಿಂದು ಬರೀ ಕೊನೆಯ ‘ಎತ್ತಿ’ ಉಳಿದಿತ್ತು. ಅದರ ಮುಂದೆ ‘ಇಂಕ್’ ಎಂಬ ಮೂರು ಇಂಗ್ಲಿಷ್ ಅಕ್ಷರದ ತುಣುಕು.

“ಇಂಕ್ ಅಂದ್ರ ಮಸೀನ್ರಿ?”

“ಅಲ್ರಿ. ‘ಕೊರೆದವನು’ ಅಂತ. ಇದು ಬರದಿದ್ದಲ್ಲ, ತಾಮ್ರದ ತಗಡಿನ ಮ್ಯಾಲ ಕೊರದಿದ್ದು.”

ಹನೀಫ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಗೀಟುಗಳ ಮೇಲೆ ಬೆರಳು ಆಡಿಸಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡ ಹಾಗೆ ಅಂದರು. “ಅಂವನೂ ನಮ್ಮಂಥವನ.”

ನಮ್ಮ ಕಡೆ ದೇಸಾಯರ ಮನೆಯ ಹೆಣ್ಣುಮಕ್ಕಳನ್ನು ಬಾಯಿಸಾಹೇಬರು ಅನ್ನುತ್ತಾರೆ. ಅಂದಿನಿಂದ ಅವಳ ಹೆಸರು ಬಾಯಿಸಾಹೇಬರು ಎಂದಾಯಿತು.

ಆಮೇಲೆ ದಿನಾ ಬಂದರು. ನನಗಾಗಿ ಅಲ್ಲ, ಬಾಯಿಸಾಹೇಬರಿಗಾಗಿ.

ಒಂದು ದಿನ ಕಣ್ಣು, ನಾನೂರು ಪರ್ಸೆಂಟ್. ಇನ್ನೊಂದು ದಿನ ಕಿವಿ. ಮತ್ತೊಂದು ದಿನ ಕೊರಳು, ಅದೂ ಎರಡು ಪ್ರತಿ. ಮಷಿನ್ನಿನ ಬೆಳಕು ಅವಳ ಮೈಮೇಲೆ ಹಾದು ಹೋಗುವುದನ್ನು ನಾನು ಮುಚ್ಚಳ ಒತ್ತಿ ಹಿಡಿದು ನೋಡಬೇಕು. ಬಿಸಿಬಿಸಿ ಹಾಳೆ ಹೊರಗೆ ಬಂದರೆ ಹನೀಫರ ಮುಖ ಅರಳುತ್ತಿತ್ತು.

“ನೋಡ್ರಿ ಇಲ್ಲಿ. ಬರೇ ಗೀಟು. ಒಂದರ ಮ್ಯಾಲ ಒಂದು ಗೀಟು ಹಾದು, ನಡುವಿನ ಸಂದಿಯೊಳಗ ಒಂದ್ ಚುಕ್ಕಿ. ಅಂವ ನೆರಳು ಮಾಡ್ಯಾನ, ಬೆಳಕನ್ನ ಸುಮ್ನ ಬಿಟ್ಟಾನ. ಗಲ್ಲದ ಮ್ಯಾಲ ಏನೂ ಇಲ್ಲ, ಖಾಲಿ ಕಾಗದ. ಆದ್ರೂ ಗಲ್ಲ ಐತಿ.”

“ಹೌದ್ರಿ,” ಅಂದೆ. ನನಗೂ ಗಲ್ಲ ಇದೆ ಎಂದು ಹೇಳಲಾಗುತ್ತದೆಯೇ.

“ಆದ್ರ ಈಕಿ ಯಾಕ ಯಾರನ್ನೂ ನೋಡಂಗಿಲ್ಲ?”

“ಸೊಕ್ಕು,” ಎಂದುಬಿಟ್ಟೆ.

ಅವರು ನಕ್ಕರು. ನಗುವಾಗ ಅವರ ಎಡಹುಬ್ಬು ಬಲಹುಬ್ಬಿಗಿಂತ ಮೇಲೆ ಏರುತ್ತದೆ. “ಸೊಕ್ಕಲ್ರಿ. ನಾಚಿಕಿ ಇದ್ದವರು ಹಿಂಗ ಕುಂದರ್ತಾರ, ಮಾರಿ ಒಂದ್ ಕಡೆ ತಿರುವಿ. ನೋಡಂಗಿಲ್ಲ ಅಂತ ತೋರಸ್ತಾರ, ಖರೇ ನೋಡಾಕತ್ತಿರ್ತಾರ.”

ನಾನು ಕಂಪ್ಯೂಟರಿನ ಕಡೆ ತಿರುಗಿ ಕೂತೆ. ಅವಳ ಪರವಾಗಿ ವಕಾಲತ್ತು ಬೇರೆ.

ಅವತ್ತು ಡೈರಿಯಲ್ಲಿ ಬರೆದೆ: ಆಕೆ ಸತ್ತು ಎಷ್ಟೋ ಕಾಲವಾಗಿದೆ. ಆಕೆಗೆ ಕನ್ನಡ ಬರುವುದಿಲ್ಲ. ಆಕೆಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಆದರೂ ಆಕೆಯ ಕಿವಿಯ ಹಿಂದಿನ ಕೂದಲು ಅವರಿಗೆ ಗೊತ್ತು, ನನ್ನ ಧ್ವನಿಯೂ ಸರಿಯಾಗಿ ಗೊತ್ತಿಲ್ಲ.

ಮರುದಿನ ಅಂಗಡಿಯ ತುಂಬ ಜನ. ಜಾತಿ ಸರ್ಟಿಫಿಕೇಟಿನ ಪ್ರತಿಗೆ ನಿಂತ ಹುಡುಗಿಯರ ಹಿಂದಿನಿಂದ ಹನೀಫರ ದನಿ ಬಂತು.

“ಇವತ್ತ ತುಟಿ ಬೇಕಾಗಿತ್ರಿ.”

ಹುಡುಗಿಯರು ಕಿಸಕ್ಕನೆ ನಕ್ಕರು. ಹನೀಫರ ಕಿವಿ ಕೆಂಪಾಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಮೇಲೆ ನಕ್ಕಿದ್ದರೂ ಅಷ್ಟು ಬರುತ್ತಿರಲಿಲ್ಲ, ಅವಳ ತುಟಿಗಾಗಿ ಅವರ ಕಿವಿ ಕೆಂಪಾಗಿದ್ದಕ್ಕೆ ಬಂತು.

ಝೆರಾಕ್ಸ್ ಮಷಿನ್ನಿನಲ್ಲಿ ಡಾರ್ಕ್, ಲೈಟ್ ಅಂತ ಎರಡು ಬಟನ್ ಇವೆ. ನಾನು ಲೈಟ್ ಒತ್ತಿದೆ. ಕೊನೆಯವರೆಗೂ ಒತ್ತಿದೆ. ಹೊರಗೆ ಬಂದ ಹಾಳೆಯಲ್ಲಿ ತುಟಿಯ ಜಾಗದಲ್ಲಿ ಬೂದಿ ಉದುರಿದಂಥ ನಾಲ್ಕು ಕಣ ಬಿಟ್ಟರೆ ಏನೂ ಇರಲಿಲ್ಲ.

“ಮಷಿನ್ ಕೆಟ್ಟೈತೇನ್ರಿ?”

“ಪೌಡರ್ ಮುಗಿದೈತಿ,” ಅಂದೆ.

ಎರಡನೆಯ ದಿನವೂ ಪೌಡರ್ ಮುಗಿದಿತ್ತು. ಮೂರನೆಯ ದಿನವೂ. ಹನೀಫ ಖಾಲಿ ಹಾಳೆ ಮಡಚಿ ಕಿಸೆಗೆ ಹಾಕಿಕೊಂಡು ಹೋದರು. ಆಮೇಲೆ ಬರುವುದು ನಿಲ್ಲಿಸಿದರು.

ನನಗೆ ಬೇಕಾಗಿದ್ದು ಇದಲ್ಲ. ಅವಳ ತುಟಿ ಅಳಿಸಲು ಹೋಗಿ, ಅವರು ಬರುವುದನ್ನೇ ಅಳಿಸಿಕೊಂಡೆ.

ಆ ವಾರವೇ ಸಿಂದಗಿಯಿಂದ ಯಾಸ್ಮಿನ ಬಂದಳು. ಸೋದರಮಾವನ ಮಗಳು, ನನಗಿಂತ ಆರು ತಿಂಗಳು ದೊಡ್ಡವಳು. ಅವಳು ಬಂದರೆ ಮನೆಯ ರೇಡಿಯೋ ಯಾರೂ ಹಚ್ಚುವುದಿಲ್ಲ, ಅಷ್ಟು ಮಾತು. ಚಿಕ್ಕಂದಿನಲ್ಲಿ ಎಡಗಡೆ ಚುಚ್ಚಿಸಿದ ಮೂಗು ಕೀವಾಯಿತೆಂದು ಅವಳಿಗೆ ಬಲಗಡೆ ಚುಚ್ಚಿಸಿದ್ದರು. ಅದು ಅವಳಿಗೆ ಒಪ್ಪುತ್ತದೆ ಕೂಡ. ನನ್ನದು ಎಲ್ಲರ ಹಾಗೆ ಎಡಗಡೆ.

ಬಂದ ಮರುದಿನವೇ ಅವಳು ಬಾಂಡೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು.

“ನನ್ನ ಹೆಸರಿನ ಸುತ್ತ ಬಳ್ಳಿ ಹಾಕ್ರಿ ಮತ್ತ,” ಅನ್ನುವುದು ಈಚೆ ರಸ್ತೆಗೆ ಕೇಳಿಸಿತು. ಹನೀಫ ಏನೋ ಮೆಲ್ಲಗೆ ಅಂದರು. ಯಾಸ್ಮಿನ ಬಗ್ಗಿ ಕೇಳಿದಳು. ನಮ್ಮ ಅಂಗಡಿಯ ಕಡೆ ಒಮ್ಮೆ ನೋಡಿದಳು. ಓಢಣಿಯ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ತನ್ನ ಮೊಬೈಲ್ ತೆಗೆದು ಅವರಿಗೆ ಏನೋ ತೋರಿಸಿದಳು.

ಊಟಕ್ಕೆ ಹೋಗುವಾಗ ಕೇಳಿದೆ. “ಏನ್ ಮಾತಾಡಾಕತ್ತಿದ್ರಿ?”

“ಏ, ಬಿಡವಾ. ಬಾಂಡೆ ಸುದ್ದಿ.” ಯಾಸ್ಮಿನ ನನ್ನ ಗಲ್ಲ ಹಿಂಡಿದಳು. “ಅವನ ಬೆರಳು ನೋಡೀಯೇನ ಶಮಾ? ಹೆಂಗ ಹಿಡೀತಾನ ಉಳಿ. ಮೆಲ್ಲಕ.”

ನೋಡಿದ್ದೇನೆಯೇ? ಒಂದೂವರೆ ವರ್ಷದಿಂದ ಅದನ್ನೇ ನೋಡುತ್ತಿದ್ದೇನೆ.

ಅವತ್ತು ಸಂಜೆ, ಅಸರ್ ನಮಾಜಿಗೆ ಹನೀಫ ಎದ್ದು ಹೋದಾಗ, ನಾನು ರಸ್ತೆ ದಾಟಿದೆ. ಮೂರು ದಿನದ ತಪ್ಪಿಗೆ ತುಟಿಯ ಒಳ್ಳೆಯ ಪ್ರತಿಯೊಂದನ್ನು ಮಣೆಯ ಮೇಲಿಟ್ಟು ಬರಬೇಕೆಂದಿದ್ದೆ, ಚಿತ್ರದ ಫೋಟೋ ಮೊದಲೇ ಮೊಬೈಲಿನಲ್ಲಿ ಹೊಡೆದಿಟ್ಟುಕೊಂಡಿದ್ದೆ. ಶೇಠರು ಒಳಗೆ ಫೋನಿನಲ್ಲಿದ್ದರು. ಮಣೆಯ ಮೇಲೆ ಮಲ್‌ಮಲ್ ಬಟ್ಟೆಯೊಂದು ಏನನ್ನೋ ಮುಚ್ಚಿತ್ತು. ಗಾಳಿ ತುಸು ಸರಿಸಿತ್ತು. ಉಳಿದದ್ದನ್ನು ನಾನು ಸರಿಸಿದೆ.

ತಾಮ್ರದ ತಗಡು. ಇಸ್ಪೀಟಿನ ಎಲೆಯಷ್ಟು. ಅದರ ಮೇಲೆ ಪಕ್ಕಕ್ಕೆ ತಿರುಗಿದ ಹೆಣ್ಣಿನ ಮುಖ, ತಲೆಯ ಮೇಲೆ ಓಢಣಿ. ಗಲ್ಲದ ಕೆಳಗೆ ಗೀಟಿನ ಮೇಲೆ ಗೀಟು, ನಡುವೆ ಚುಕ್ಕಿ, ಇಟಲಿಯವನ ಹಾಗೆಯೇ. ಕಿವಿಯ ಕಡೆ ಇನ್ನೂ ಏನೂ ಕೆತ್ತಿರಲಿಲ್ಲ. ಆದರೆ ಮೂಗುತಿ ಇತ್ತು. ಒಂದೇ ಚುಕ್ಕಿ, ಸುತ್ತ ಬೆಳಕು ಬಿಟ್ಟದ್ದು.

ಮುಖ ಬಲಕ್ಕೆ ತಿರುಗಿತ್ತು. ಕಾಣುವುದು ಬಲಗೆನ್ನೆ. ಮೂಗುತಿ ಬಲಗಡೆ. ತಂದಿದ್ದ ತುಟಿಯ ಪ್ರತಿಯನ್ನು ಮಡಚಿಕೊಂಡು ವಾಪಸ್ ಬಂದೆ.

ಬಾಯಿಸಾಹೇಬರಾದರೂ ಕಾಗದದವಳು. ಯಾಸ್ಮಿನಳ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗೆ? ಜ್ವರ ಬಂದಾಗ ನನ್ನ ಹಣೆಗೆ ತಣ್ಣೀರು ಪಟ್ಟಿ ಹಾಕಿದವಳು ಅವಳು. ಆದರೂ ಪಟ್ಟೆ. ಊಟ ಬಡಿಸುವಾಗ ಅವಳ ಮೂಗುತಿ ಮಿಂಚಿದರೆ ಸಾರಿನ ಪಾತ್ರೆಯನ್ನು ಅವಳ ಮುಂದಿನಿಂದ ದಾಟಿಸಿಬಿಡುತ್ತಿದ್ದೆ.

ಇಂಡಿ ಊರಿನ ಸಂಬಂಧ ಬಂದದ್ದು ಇದೇ ಹೊತ್ತಿಗೆ. ಹುಡುಗನ ಹೆಸರು ಮೈಬೂಬ, ಅಲ್ಲಿಯೇ ಸಾಲಿ ಮಾಸ್ತರ. ಅವರದು ನಿಂಬೆ ತೋಟ. ನೋಡಲು ಬಂದವರು ಒಂದು ಚೀಲ ನಿಂಬೆಹಣ್ಣು ಇಟ್ಟು ಹೋದರು. ಮನೆಯೆಲ್ಲ ಹುಳಿ ವಾಸನೆ.

“ಶುಕ್ರವಾರ ಮಾತು ಕೊಡಬೇಕು,” ಅಂದಳು ಅಮ್ಮಿ. ಅವಳ ಹೆಸರು ಅಮೀನಾಬಿ, ಓಣಿಯಲ್ಲಿ ಅವಳ ಮಾತಿಗೆ ಎದುರಾಡುವವರು ಕಡಿಮೆ. “ಏನಂತಿ ಶಮಾ? ಹೂಂ ಅನ್ನಲ್ಯಾ?”

ನಾನು ನೆಲ ನೋಡುತ್ತ ಕೂತೆ.

ನಮ್ಮಲ್ಲಿ ಹೆಣ್ಣು ಸುಮ್ಮನಿದ್ದರೆ ಒಪ್ಪಿದಳು ಎಂದೇ ಅರ್ಥ. ನಾಚಿಕೆಯವಳ ಬಾಯಿಂದ ಹೂಂ ಬರುವುದಿಲ್ಲ, ಹಾಗಾಗಿ ಮೌನವನ್ನೇ ಹೂಂ ಎಂದು ಹಿಡಿಯುತ್ತಾರೆ. ನನಗದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಕೂತೆ. ತಾಮ್ರದ ಮೇಲೆ ಬಲಗಡೆ ಮೂಗುತಿ ಇರುವಾಗ ನಾನು ಯಾವ ಮಾತಿಗೆ ಬಾಯಿ ತೆರೆಯಲಿ?

ಅಮ್ಮಿ ನಿಂಬೆಹಣ್ಣು ಹೆಚ್ಚಿ ಉಪ್ಪಿನಕಾಯಿಗೆ ಹಾಕಿದಳು. ನನ್ನ ಮದುವೆಗೆಂದು ಅಟ್ಟದ ಮೇಲಿಟ್ಟಿದ್ದ ಹಿತ್ತಾಳೆ ಕೊಡ ಇಳಿಸಿ, ತೊಳೆದು, ಬುಧವಾರ ತಾನೇ ಹೋಗಿ ಹನೀಫರ ಮುಂದಿಟ್ಟಳು. ‘ಶಮಾ, ಮೈಬೂಬ, ಇಂಡಿ’ ಅಂತ ಹಾಕು ಮಗನ, ಶುಕ್ರವಾರದೊಳಗ ಬೇಕು, ಅಂದಳು. ಈಚೆಯಿಂದ ನನಗೆ ಕೇಳಿಸಿತು. ಹನೀಫ ಕೊಡವನ್ನು ತೊಡೆಯ ಮೇಲೆ ತೆಗೆದುಕೊಳ್ಳಲಿಲ್ಲ. ಕೈ ಒರೆಸಿಕೊಳ್ಳುತ್ತ ಅದನ್ನೇ ನೋಡುತ್ತ ನಿಂತರು.

ಗುರುವಾರ ಮಧ್ಯಾಹ್ನ ಆಸಿಫಭಾಯಿ ಪೌಡರ್ ತರಲು ಹೋಗಿದ್ದ. ಯಾಸ್ಮಿನ ನನ್ನ ಹಿಂದೆ ಸ್ಟೂಲಿನ ಮೇಲೆ ಕೂತು ಪೇರಲಹಣ್ಣು ತಿನ್ನುತ್ತಿದ್ದಳು. ಹನೀಫ ಕೊಡ ಹೊತ್ತು ರಸ್ತೆ ದಾಟಿ ಬಂದರು. ಕೌಂಟರಿನ ಗಾಜಿನ ಮೇಲೆ ಇಟ್ಟರು. ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ.

“ನಾನು ಅವಸರ ಮಾಡಂಗಿಲ್ರಿ. ಕೊರದಿದ್ದು ಅಳಸಾಕ ಬರಂಗಿಲ್ಲ,” ಅಂದರು. “ಹೆಸರು ಯಾವುದು ಹಾಕಲಿ, ನಿಮ್ಮ ಬಾಯಿಲೆ ಹೇಳ್ರಿ.”

“ಅಮ್ಮಿ ಹೇಳ್ಯಾಳಲ್ರಿ.”

“ಅಮ್ಮಿ ಹೇಳಿದ್ದು ಕೇಳೇನಿ. ನೀವು ಹೇಳಿದ್ದು ಕೇಳಿಲ್ಲ.”

ನನ್ನೊಳಗೆ ಒಂದು ತಿಂಗಳಿಂದ ಕೂತದ್ದು ಎದ್ದು ಬಂತು. ಇಷ್ಟು ಉದ್ದದ ಮಾತು ಅವರ ಮುಂದೆ ಎಂದೂ ಆಡಿರಲಿಲ್ಲ. “ನಿಮಗ ಹೆಸರಿನ ಚಿಂತಿ ಯಾಕ್ರಿ? ಆಕಿ ಮಾರಿ ಕೆತ್ತಾಕ ಬರ್ತೈತಿ, ನನ್ನ ಹೆಸರು ಕೆತ್ತಾಕ ಬರೂದಿಲ್ಲೇನು? ಹಾಕ್ರಿ ಇಂಡಿ ಅಂತ.”

“ಯಾರ ಮಾರಿ?”

“ನಾ ನೋಡೇನ್ರಿ. ಬಟ್ಟಿ ಸರಸಿ ನೋಡೇನಿ, ನನ್ನದ ತಪ್ಪು. ಬಲಗಡೆ ಮೂಗುತಿ.”

ಹಿಂದೆ ಪೇರಲಹಣ್ಣು ಕಚ್ಚುವ ಸದ್ದು ನಿಂತಿತು. ಹನೀಫ ನನ್ನನ್ನು ನೋಡಿದರು, ಯಾಸ್ಮಿನಳನ್ನು ನೋಡಿದರು, ಮತ್ತೆ ನನ್ನನ್ನು. ಅವರ ಎಡಹುಬ್ಬು ನಿಧಾನಕ್ಕೆ ಮೇಲೇರಿತು.

“ಹತ್ತು ನಿಮಿಷ ಕಾಂತಣ್ಣನ ಅಂಗಡಿತನಕ ಬರ್ರಿ,” ಅಂದರು. “ಇಬ್ಬರೂ ಬರ್ರಿ.”

ಕಾಂತಣ್ಣ ಅಂದರೆ ಅಕ್ಕಸಾಲಿ ಕಾಂತು ಪತ್ತಾರ, ನಾಲ್ಕು ಅಂಗಡಿ ಆಚೆ. ಬೆಳ್ಳಿಯ ತುಂಡನ್ನು ತಗಡಾಗಿ ಎಳೆಯುವ ಒಂದು ಮಷಿನ್ ಅವರಲ್ಲಿದೆ, ಎರಡು ಉಕ್ಕಿನ ಉರುಳೆ, ತಿರುವಲು ಒಂದು ಹಿಡಿ. ಹನೀಫ ತಾಮ್ರದ ತಗಡು ತೆಗೆದರು. ದೀಪದ ಮಸಿಯನ್ನು ಅಗಸಿ ಎಣ್ಣೆಯಲ್ಲಿ ಕಲಸಿದ ಕಪ್ಪನ್ನು ಅದಕ್ಕೆ ಮೆತ್ತಿದರು. ಆಮೇಲೆ ಮಲ್‌ಮಲ್ ಬಟ್ಟೆಯಿಂದ ಒರೆಸತೊಡಗಿದರು. ತಗಡು ಮತ್ತೆ ಹೊಳೆಯಿತು, ಕಪ್ಪು ಗೀಟಿನೊಳಗೆ ಮಾತ್ರ ಉಳಿಯಿತು.

ನಾನು ಬಾಗಿಲ ಬಳಿಯೇ ನಿಂತಿದ್ದೆ. ಯಾಸ್ಮಿನ ನನ್ನ ಮೊಣಕೈ ಹಿಡಿದಿದ್ದಳು, ನಾನು ಓಡಿ ಹೋಗದ ಹಾಗೆ.

ತಗಡಿನ ಮೇಲೆ ಒದ್ದೆ ಕಾಗದ, ಅದರ ಮೇಲೆ ಕಂಬಳಿಯ ತುಂಡು. ಕಾಂತಣ್ಣ ಹಿಡಿ ತಿರುವಿದರು. ಉರುಳೆ ಕಿರ್ ಎಂದು ನುಂಗಿ ಆಚೆ ಉಗುಳಿತು. ಹನೀಫ ಉಸಿರು ಹಿಡಿದು ಕಾಗದದ ತುದಿ ಎತ್ತಿದರು.

ಕಾಗದದ ಮೇಲೆ ಆ ಮುಖ ಎಡಕ್ಕೆ ತಿರುಗಿತ್ತು. ಎಡಗೆನ್ನೆ. ಎಡಗಡೆ ಮೂಗುತಿ.

“ರಬ್ಬರ್ ಸ್ಟ್ಯಾಂಪ್ ನೋಡಿಲ್ಲೇನವಾ?” ಅಂದರು ಕಾಂತಣ್ಣ. “ರಬ್ಬರಿನ ಮ್ಯಾಲ ಉಲ್ಟಾ ಇದ್ರ ಕಾಗದದ ಮ್ಯಾಲ ಸೀದಾ. ಇದೂ ಹಂಗ.”

ದಿನಕ್ಕೆ ನಲವತ್ತು ಸಲ ಸ್ಟ್ಯಾಂಪ್ ಒತ್ತುವವಳು ನಾನು.

ಆದರೂ ಅದು ಯಾರೆಂದು ನನಗೆ ತಿಳಿಯಲಿಲ್ಲ. ತನ್ನ ಮುಖ ಪಕ್ಕದಿಂದ ಹೇಗಿದೆ ಎಂದು ಯಾರಿಗೆ ಗೊತ್ತಿರುತ್ತದೆ? ಕನ್ನಡಿ ಅದನ್ನು ತೋರಿಸುವುದಿಲ್ಲ. ಬಗ್ಗಿದ ರೆಪ್ಪೆ, ಕೆಳಗಿನದು ತುಸು ಮುಂದೆ ಬಂದ ತುಟಿ. ಆಮೇಲೆ ಕಿವಿ ನೋಡಿದೆ, ಅಂದು ಖಾಲಿಯಿದ್ದ ಜಾಗ. ಕಿವಿಯ ಮೇಲೆ ಒಂದು ಪೆನ್ನು ಸಿಕ್ಕಿಸಿತ್ತು. ಕ್ಯಾಪು ಹಲ್ಲಿನಿಂದ ಕಚ್ಚಿ ಸೊಟ್ಟಗಾದ ಪೆನ್ನು.

ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಪೆನ್ನು ಅಲ್ಲೇ ಇತ್ತು.

“ಈಗ ತಿಳೀತೇನು?” ಯಾಸ್ಮಿನ ನನ್ನ ಬೆನ್ನಿಗೆ ಗುದ್ದಿದಳು. “ಅಂದು ನನಗ ಏನ್ ಕೇಳಿದ ಗೊತ್ತೈತೇನು? ಆಕಿ ಕಿವಿಯೊಳಗ ಝುಮಕಿ ಹಾಕೋತಾಳೇನು, ಇಲ್ಲಿಂದ ಕಾಣವಲ್ದು ಅಂತ. ಝುಮಕಿ ಇಲ್ಲ, ಪೆನ್ ಇಡ್ತಾಳ ಅಂತ ಫೋಟೋ ತೋರಿಸಿದೆ. ಅದನ್ನ ನೋಡಿ ನೀ ನನಗ ಎರಡು ಹೊತ್ತು ಸಾರು ಬಡಸಲಿಲ್ಲ.”

ಕಾಂತಣ್ಣ ಕಾಗದವನ್ನು ಬೆಳಕಿಗೆ ಹಿಡಿದು ನಕ್ಕರು. “ಎಲಾ ಹನೀಫ. ಮಾರಿ ತಿರುವಿ ಕೆತ್ತಿ. ಹೆಸರು ತಿರುವೂದು ಮರತಿ.”

ಮುಖದ ಕೆಳಗೆ ನನ್ನ ಹೆಸರಿತ್ತು. ಉಲ್ಟಾ ಬಿದ್ದಿತ್ತು. ಮುಖವನ್ನು ದಿನಗಟ್ಟಲೆ ಕನ್ನಡಿ ಇಟ್ಟುಕೊಂಡು ತಿರುವಿ ತಿರುವಿ ಕೆತ್ತಿದವರು, ಹೆಸರು ಬಂದ ಕೂಡಲೇ ಕೊಡದ ಮೇಲೆ ಹಾಕುವ ಹಾಗೆ ನೆಟ್ಟಗೆ ಹಾಕಿಬಿಟ್ಟಿದ್ದರು.

ಹನೀಫರ ಮುಖ ಬಿಳಿಚಿತು. “ನಿನ್ನಿ ಹಾಕಿದ್ದು,” ಅಂದರು ಮೆಲ್ಲಗೆ. “ಕೊಡ ಬಂದ ಮ್ಯಾಲ. ಲಕ್ಷ್ಯ ಎಲ್ಲಾ ಆ ಕೊಡದ ಮ್ಯಾಲ. ಹನ್ನೆರಡು ವರ್ಷದಾಗ ಒಂದ್ ಹೆಸರೂ ತಪ್ಪಿಲ್ರಿ. ನಿಮ್ಮದ ತಪ್ಪಿತು. ಇನ್ನೊಂದು ತಗಡು ಕೆತ್ತತೇನಿ.”

“ಬ್ಯಾಡ್ರಿ.”

“ಚಂದ ಬಂದಿಲ್ಲ.”

“ಇದನ್ನ ಕೊಡ್ರಿ,” ಅಂದೆ. “ಮತ್ತ ಆ ಕೊಡದ ಮ್ಯಾಲ ಏನೂ ಹಾಕಬ್ಯಾಡ್ರಿ. ನಾ ಹೇಳೂತನಕ.”

ಅವರು ಕಾಗದ ಕೊಟ್ಟರು. ನಮ್ಮಿಬ್ಬರ ಹೆಬ್ಬೆರಳಿಗೂ ಅದೇ ಕಪ್ಪು ಹತ್ತಿತು.

ಮನೆಯಲ್ಲಿ ಅಮ್ಮಿ ಉಪ್ಪಿನಕಾಯಿಯ ಭರಣಿ ಬಿಸಿಲಿಗೆ ಸರಿಸುತ್ತಿದ್ದಳು. ಅಪ್ಪನ ತಾಯಿ, ದಾದಿ ರಮಜಾನಬಿ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಕಾಗದವನ್ನು ಡೈರಿಯೊಳಗಿಟ್ಟು, ಡೈರಿಯನ್ನು ಎದೆಗೆ ಒತ್ತಿ ಹಿಡಿದು ನಿಂತೆ. ಸುಮ್ಮನೆ ನಿಂತರೆ ಸಾಕು, ನಾಳೆ ಇಂಡಿಗೆ ಹೂಂ ಹೋಗುತ್ತದೆ.

“ಅಮ್ಮಿ. ಇಂಡಿಯವ್ರಿಗೆ ಬ್ಯಾಡ ಅಂತ ಹೇಳು.”

ಅಮ್ಮಿ ಭರಣಿ ಬಿಟ್ಟು ನೆಟ್ಟಗೆ ನಿಂತಳು. “ಏನಂದಿ?”

“ಬ್ಯಾಡ ಅಂದೆ. ಅಂದು ಸುಮ್ಮನಿದ್ದೆ ಅಂದ್ರ ಒಪ್ಪಿದ್ದೆ ಅಂತಲ್ಲ.”

“ಉಪ್ಪಿನಕಾಯಿ ಹಾಕೇನಿ. ಅವರ ಹಣ್ಣು ಹ್ಯಾಂಗ ವಾಪಸ್ ಕೊಡ್ಲಿ?”

“ಉಪ್ಪಿನಕಾಯಿನ ಕಳಸು,” ಅಂದಳು ದಾದಿ, ಕುಟ್ಟುವುದು ನಿಲ್ಲಿಸದೆ. “ಆ ಮಾತು ಅತ್ಲಾಗಿರಲಿ. ಹುಡುಗಿ ಬಾಯಿ ಬಿಟ್ಟಾಳ. ಯಾರ ಹೆಸರು ಐತಿ ಕೇಳು.”

ನಾನು ಹೇಳಿದೆ. ಪೂರ್ತಿ ಹೇಳಿದೆ, ಡೈರಿಯಲ್ಲಿ ಎಂದೂ ಬರೆಯದ ಹಾಗೆ. ಮಹಮ್ಮದಹನೀಫ.

“ಬಾಂಡೆ ಮ್ಯಾಲ ಹೆಸರು ಹಾಕಾಂವ?” ಅಮ್ಮಿ ಕೂತಳು. “ಮಾಸ್ತರನ್ನ ಬಿಟ್ಟು?”

ದಾದಿ ಎದ್ದು ಒಳಗೆ ಹೋದಳು. ತನ್ನ ನೀರಿನ ತಂಬಿಗೆ ತಂದು ಅಮ್ಮಿಯ ಮಡಿಲಿಗಿಟ್ಟಳು. “ನನ್ನ ನಿಕಾಹದ್ದು. ಹೆಸರು ಹಾಕಿದಾಂವ ಇವನ ಅಜ್ಜ. ದಿನಾ ಬೂದಿ ಹಾಕಿ ತಿಕ್ಕೇನಿ, ಐವತ್ತೆಂಟು ವರ್ಷ. ತಂಬಿಗಿ ಸವದೈತಿ. ಹೆಸರು ಸವದಿಲ್ಲ, ನೋಡು.”

ಅಮ್ಮಿ ಬೆರಳಿನಿಂದ ಅಕ್ಷರ ಸವರಿದಳು. ತಕ್ಷಣ ಹೂಂ ಅನ್ನಲಿಲ್ಲ. ಎರಡು ದಿನ ಮಾತು ಬಿಟ್ಟಳು. ಆಸಿಫಭಾಯಿ ಇಂಡಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ರವಿವಾರ ಅಮ್ಮಿ ತಾನಾಗಿಯೇ ಬುರ್ಖಾ ತೊಟ್ಟು ಹನೀಫರ ಮನೆಯ ಕಡೆ ಹೋದಳು. ಬರುವಾಗ ಅವಳ ಕೈಯಲ್ಲಿ ಬಸವನ ಬಾಗೇವಾಡಿಯ ಪೇಢೆಯ ಡಬ್ಬಿ ಇತ್ತು, ಮುಖ ಇನ್ನೂ ಬಿಗಿದೇ ಇತ್ತು. ಒಂದು ಪೇಢೆ ಮುರಿದು ನನ್ನ ಬಾಯಿಗೆ ತುರುಕಿದಳು. “ಬಾಯಿ ಬಂದೈತಲ್ಲ, ತಿನ್ನು.”

ಅಂದು ಡೈರಿ ತೆರೆದೆ. ಅಗಸಿ ಎಣ್ಣೆಯ ಕಪ್ಪು ಬೇಗ ಒಣಗುವುದಿಲ್ಲವಂತೆ. ನಾನು ಎದೆಗೆ ಒತ್ತಿ ಹಿ‍ಡಿದಿದ್ದಕ್ಕೆ, ಎದುರಿನ ಖಾಲಿ ಪುಟದ ಮೇಲೆ ಚಿತ್ರ ಮಸುಕಾಗಿ ಇನ್ನೊಮ್ಮೆ ಮೂಡಿತ್ತು. ಈ ಪುಟದ ಶಮಾ ಎಡಕ್ಕೆ, ಆ ಪುಟದ ಶಮಾ ಬಲಕ್ಕೆ, ಇಬ್ಬರೂ ಎದುರುಬದುರು. ಆ ಪುಟದವಳ ಕೆಳಗೆ ನನ್ನ ಹೆಸರು ನೆಟ್ಟಗೆ ಬಿದ್ದಿತ್ತು, ಹನೀಫರ ಕೈ ಬರೆದ ಹಾಗೆಯೇ. ಅದರ ಹಿಂದಿನ ಪುಟದಲ್ಲಿ ‘ಆಕೆಗೆ ರೊಟ್ಟಿ ಬಡಿಯಲು ಬರುವುದಿಲ್ಲ’ ಎಂಬ ಸಾಲು ಇತ್ತು. ಹೊಡೆದು ಹಾಕಲಿಲ್ಲ.

ಸೋಮವಾರ ಹನೀಫ ಕೌಂಟರಿಗೆ ಬಂದರು. ಕೈಯಲ್ಲಿ ಅದೇ ಪೇಪರಿನ ಸುರುಳಿ. ನಾನು ಗಾಜು ಒರೆಸುತ್ತ, ತಲೆ ಎತ್ತದೆ, ಮೊದಲು ಅದನ್ನು ಹೇಳಿ ಮುಗಿಸಿದೆ.

“ಅಂದು ಪೌಡರ್ ಮುಗಿದಿರಲಿಲ್ರಿ. ಮೂರೂ ದಿನ.”

“ಗೊತ್ತಿತ್ತು. ಉಳಿದವರ ಹಾಳಿ ಎಲ್ಲಾ ಕರ್ರಗ ಬರ್ತಿದ್ದು.”

“ಮತ್ತ ಯಾಕ ಕೇಳಲಿಲ್ಲ?”

“ಬಾಯಿಸಾಹೇಬರನ್ನ ಕೆತ್ತಬೇಕಂತ ತಗಡು ತಂದಿದ್ದೆ. ಕಣ್ಣು ಇತ್ತು, ಕೊರಳು ಇತ್ತು, ತುಟಿ ಇರಲಿಲ್ಲ. ನೀವು ಕೊಡಲಿಲ್ಲ.” ಅವರು ಗಾಜಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ ಒಂದು ಗೀಟು ಎಳೆದರು. “ತುಟಿ ಎಲ್ಲಿಂದ ತರಲಿ ಅಂತ ತಲಿ ಎತ್ತಿದೆ. ನಿಮ್ಮವು ಎದುರಿಗೇ ಇದ್ದುವು. ತುಟಿ ಆದ ಮ್ಯಾಲ ಗಲ್ಲಾನೂ ಇವರದ ಇರಲಿ ಅನಸ್ತು. ಆಮೇಲೆ ಬಾಯಿಸಾಹೇಬರು ನೆನಪಾಗಲಿಲ್ಲ.”

ನಾನು ಒರೆಸುತ್ತಲೇ ಇದ್ದೆ. ಅವರು ಎಳೆದ ಗೀಟನ್ನು ಬಿಟ್ಟು ಸುತ್ತಲೂ ಒರೆಸಿದೆ.

“ಇವತ್ತೇನ್ ಬೇಕಾಗಿತ್ರಿ?”

ಅವರು ಪೇಪರ್ ಬಿಚ್ಚಿದರು. ಬಾಯಿಸಾಹೇಬರು ಎಂದಿನಂತೆ ಆಚೆ ನೋಡುತ್ತ ಕೂತಿದ್ದರು. ಸರವಿಲ್ಲದ ಆ ಕೊರಳು. ಖರೇ ಹೇಳಬೇಕೆಂದರೆ ಅದರ ನೆರಳು ನನ್ನದಕ್ಕಿಂತ ಇನ್ನೂ ಚಂದ.

“ಕೊರಳು,” ಅಂದರು ಹನೀಫ. “ನಿಮ್ಮದು ಓಢಣಿಯೊಳಗ ಕಾಣವಲ್ದು. ಇಟಲಿಯಾಂವ ನೆರಳು ಹ್ಯಾಂಗ ಮಾಡ್ಯಾನ ಮತ್ತೊಮ್ಮಿ ನೋಡಬೇಕು. ಚಂದ ತಗೀರಿ.”

“ಆತ್ರಿ,” ಅಂದೆ.

ಚಿತ್ರವನ್ನು ಮಷಿನ್ನಿನ ಮೇಲೆ ಬೋರಲು ಹಾಕಿ ಮುಚ್ಚಳ ಒತ್ತಿದೆ. ನಾನೂರು ಪರ್ಸೆಂಟ್. ಆಮೇಲೆ ಬೆರಳು ಲೈಟ್ ಬಟನ್ನಿನ ಮೇಲೆ ಹೋಯಿತು. ಒಮ್ಮೆ ಒತ್ತಿದೆ. ಮತ್ತೊಮ್ಮೆ. ಕೊನೆಯವರೆಗೂ.

ಬಿಸಿ ಹಾಳೆ ಬೆಳ್ಳಗೆ ಹೊರಗೆ ಬಂತು. ಹನೀಫ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು, ಮಗುಚಿ ನೋಡಿದರು. ಆಮೇಲೆ ಹಾಳೆಯ ಮೇಲಂಚಿನಿಂದ ತಲೆ ಎತ್ತಿದರು, ಎಡಹುಬ್ಬು ಮೇಲೆ.

ನಾನು ಈ ಸಲ ಕಂಪ್ಯೂಟರಿನ ಕಡೆ ತಿರುಗಲಿಲ್ಲ.